ಅವನಿಗೆ ಹೇಳು

“ಅಕ್ಕಾ, ಅವನಿಗೆ ಮುಂದೆ ಸರಿಯೋಕೆ ಹೇಳು. ಹೊಳೆ ಏನು ಅವನೊಬ್ಬನ ಸೊತ್ತಾ?” ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ ವೆಂಡೆಲ್ ದಡದ ಕಡೆ ತಿರುಗಿ ಕೂಗಿದ.

ದಡದ ಬೆಂಚಿನ ಮೇಲೆ ತನ್ನ ಸರದಿಗಾಗಿ ಕಾಯುತ್ತಿದ್ದ ಏವಿಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳೇ ಹೊರತು ತಲೆ ಎತ್ತಲಿಲ್ಲ. “ನೀನೇ ಹೇಳು. ಹತ್ತು ಮಾರು ದೂರದಲ್ಲಿ ನಿಂತಿದ್ದಾನೆ ನಿನ್ನ ತಮ್ಮ. ನಿನಗೆ ಬಾಯಿದೆ, ಅವನಿಗೆ ಕಿವಿ ಇದೆ. ಇವತ್ತಿಂದ ನಿಮ್ಮಿಬ್ಬರ ಟಪಾಲು ಹೊರೋದಿಲ್ಲ ಅಂತ ಬೆಳಿಗ್ಗೆನೇ ಹೇಳಿಲ್ವಾ?”

ಏಳು ವರ್ಷದಿಂದ ಹೊತ್ತಿದ್ದಳು. ಅಪ್ಪ ತೀರಿಕೊಂಡ ವಾರವೇ ಅವನ ಬಿದಿರಿನ ಗಾಳದ ಕೋಲನ್ನು ಕಿರಿಯವನಾದ ಲಾರ್ನ್ ಯಾರನ್ನೂ ಕೇಳದೆ ಎತ್ತಿಕೊಂಡು ಹೋದ. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಹಾಗೆಂದು ಒಬ್ಬರನ್ನೊಬ್ಬರು ಬಿಟ್ಟಿರುವ ಜನವೂ ಅಲ್ಲ. ಮೇಪಲ್ ಎಲೆ ಕೆಂಪಾಗಿ ಸಾಲ್ಮನ್ ಮೀನು ಹೊಳೆ ಹತ್ತಿತೆಂದರೆ ಸಾಕು, ಮಧ್ಯೆ ಅಕ್ಕನನ್ನು ಕೂರಿಸಿಕೊಂಡು ಇದೇ ಮಡುವಿಗೆ ಇಬ್ಬರೂ ಇಳಿಯಬೇಕು. “ಅಕ್ಕಾ, ಉಪ್ಪು ಕೊಡೋಕೆ ಹೇಳು” ಎನ್ನುವುದರಿಂದ ಹಿಡಿದು, “ಅಕ್ಕಾ, ಅವನ ಹೆಂಡತಿ ಹೋಗಿದ್ದು ಕೇಳಿ ನನಗೂ ಸಂಕಟ ಆಯ್ತು ಅಂತ ಹೇಳು” ಎನ್ನುವವರೆಗೆ ಎಲ್ಲವೂ ಅವಳ ಬಾಯಿಂದಲೇ ಆಗಬೇಕು. ಅವಳಿಗೆ ಸಾಕುಸಾಕಾಗಿತ್ತು.

ಇವತ್ತು ಗಾಳದ ಋತುವಿನ ಕೊನೆಯ ದಿನ. ಮಡುವಿನಲ್ಲಿ ಮೀನು ಹಿಡಿಯುವವರದ್ದೊಂದು ಕಟ್ಟಳೆ ಇದೆ: ಗಾಳಕ್ಕೆ ಗರಿ ಕಟ್ಟಿ ಮಾಡಿದ ಹುಸಿನೊಣವನ್ನು ಒಮ್ಮೆ ನೀರಿಗೆ ಎಸೆ, ಒಂದು ಹೆಜ್ಜೆ ಕೆಳಕ್ಕೆ ಸರಿ. ಹಿಂದಿನವನು ಮುಂದಿನವನನ್ನು ದಾಟುವಂತಿಲ್ಲ. ಮುಂದಿನವನು ಒಂದೇ ಕಡೆ ಬೇರು ಬಿಟ್ಟರೆ ಹಿಂದಿನವನ ಮುಖಕ್ಕೆ ಉಗಿದ ಹಾಗೆ. ಲಾರ್ನ್ ಬಹಳ ಹೊತ್ತಿನಿಂದ ಒಂದೇ ಕಡೆ ನಿಂತಿದ್ದ.

“ಅಕ್ಕಾ,” ಎಂದ ಲಾರ್ನ್. “ಅವನಿಗೆ ಸ್ವಲ್ಪ ಇಲ್ಲಿಗೆ ಬರೋಕೆ ಹೇಳು.”

“ಯಾಕೆ, ಕುಸ್ತಿ ಆಡೋಕಾ? ನೀನೇ ಕರಿ.”

“ಒಂದ್ಸಲ ಹೇಳಕ್ಕಾ.”

“ಅಣ್ಣನ ಹೆಸರು ಮರೆತುಹೋಗಿದ್ರೆ ಹೇಳ್ಕೊಡ್ತೀನಿ. ವೆಂಡೆಲ್!”

ಲಾರ್ನ್ ಕತ್ತು ತಿರುಗಿಸಿ ಅಣ್ಣನ ಕಡೆ ನೋಡಿದ. ಬಾಯಿ ತೆರೆದ. ಮುಚ್ಚಿದ. ವೆಂಡೆಲ್ ಬೇಕೆಂದೇ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ. ಏವಿಸ್‌ಗೆ ಒಳಗೊಳಗೇ ನಗು. ಇವತ್ತು ಇಬ್ಬರನ್ನೂ ದಾರಿಗೆ ತಂದೇ ಬಿಡುತ್ತೇನೆ ಎಂದುಕೊಂಡು ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡಳು. ಅದನ್ನು ನಿಧಾನವಾಗಿ, ಬಿಸ್ಕತ್ತು ಅದ್ದಿಕೊಂಡು ಕುಡಿದಳು.

ಕೊನೆಯ ಗುಟುಕಿಗೆ ಅವಳ ಕಣ್ಣು ದಡದಂಚಿನ ಚಪ್ಪಟೆ ಕಲ್ಲಿನ ಮೇಲೆ ಹೋಯಿತು. ಬೆಳಿಗ್ಗೆ ಒಣಗಿದ್ದ ಆ ಕಲ್ಲು ಕಾಣಲಿಲ್ಲ. ಅದರ ಮೇಲೆ ನೀರು ಹರಿಯುತ್ತಿತ್ತು. ರಾತ್ರಿಯೆಲ್ಲ ಮೇಲಿನ ಗುಡ್ಡಗಳಲ್ಲಿ ಸುರಿದ ಮಳೆ ಈಗ ಇಳಿದು ಬರುತ್ತಿತ್ತು. ಕೆಂಪು ಎಲೆಗಳು ರಾಶಿರಾಶಿಯಾಗಿ ಸುತ್ತಿ ಸಾಗುತ್ತಿದ್ದವು. ಅವಳು ತಟ್ಟನೆ ಲಾರ್ನ್ ಕಡೆ ನೋಡಿದಳು. ಸೊಂಟದ ಮಟ್ಟದಲ್ಲಿದ್ದ ನೀರು ಅವನ ಎದೆಗೆ ಬಂದಿತ್ತು. ಅವನು ನೊಣ ಎಸೆಯುತ್ತಿರಲಿಲ್ಲ. ಅಪ್ಪನ ಕೋಲನ್ನು ಹೊಳೆಯ ತಳಕ್ಕೆ ಊರಿ ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಮುಖ ಬಿಳಿಚಿಕೊಂಡಿತ್ತು.

“ಲಾರ್ನ್! ದಡಕ್ಕೆ ಬಾರೋ!”

“ಆಗಲ್ಲಕ್ಕಾ. ಕಾಲು ಕಲ್ಲಿನ ಸಂದಿಗೆ ಸಿಕ್ಕೊಂಡಿದೆ. ಆಗಲೇ ಸಿಕ್ಕೊಂಡಿತ್ತು.”

ಲೋಟ ಅವಳ ಕೈಯಿಂದ ಜಾರಿತು. ಆಗಲೇ! ಅವಳು ಬಿಸ್ಕತ್ತು ಅದ್ದಿಕೊಳ್ಳುವಾಗ, ಒಳಗೊಳಗೇ ನಗುವಾಗ ಅವನು ಸಾಯುವುದಕ್ಕೆ ಕಾಯುತ್ತಾ ನಿಂತಿದ್ದನೇ? ವೆಂಡೆಲ್‌ನನ್ನು ಕೂಗಲು ಅವಳು ದಡದಂಚಿಗೆ ಓಡಿದಳು.

ಕೂಗುವ ಅಗತ್ಯ ಬೀಳಲಿಲ್ಲ. ವೆಂಡೆಲ್ ಆಗಲೇ ತನ್ನ ಕೋಲನ್ನು ಎಸೆದು, ನೀರನ್ನು ಸೀಳಿಕೊಂಡು ತಮ್ಮನ ಬಳಿ ಹೋಗಿದ್ದ. ಒಂದು ಸಲ ಮುಳುಗಿ ಮೇಲೆದ್ದ. ಚಾಕು ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು ಮತ್ತೆ ಮುಳುಗಿದ. ನೀರು ಲಾರ್ನ್ ಗದ್ದ ಮುಟ್ಟಿತು. ಏವಿಸ್ ಮಂಡಿಯವರೆಗೆ ಹೊಳೆಗಿಳಿದು, ಏನು ಮಾಡಬೇಕೆಂದು ತೋಚದೆ, ದೇವರೇ ದೇವರೇ ಎನ್ನುತ್ತಿದ್ದಳು. ಮೂರನೆಯ ಸಲ ಮುಳುಗಿದಾಗ ಬೂಟಿನ ಲೇಸು ತುಂಡಾಯಿತು. ಬೂಟು ಕಲ್ಲಿನ ಸಂದಿಯಲ್ಲೇ ಉಳಿಯಿತು, ಕಾಲು ಈಚೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಎಡವುತ್ತಾ ಬಿದ್ದು ಏಳುತ್ತಾ ದಡ ಸೇರಿದರು. ಜಗಳಕ್ಕೆ ಮೂಲವಾದ ಬಿದಿರಿನ ಕೋಲು ಎಲೆಗಳ ಜೊತೆ ತೇಲಿಕೊಂಡು ಹೋಯಿತು. ಯಾರೂ ಅತ್ತ ನೋಡಲಿಲ್ಲ.

ಬೆಂಚಿಗೆ ಒರಗಿ ಕೂತ ವೆಂಡೆಲ್ ಬಿಕ್ಕಿ ಬಿಕ್ಕಿ ಅಳುತ್ತಿದ್ದ. “ಕೇಳಕ್ಕಾ ಆ ಕತ್ತೆಯನ್ನ! ನನ್ನನ್ನ ಒಂದ್ಸಲ ಕೂಗಿದ್ರೆ ಅವನ ಗಂಟು ಏನು ಹೋಗ್ತಿತ್ತು ಅಂತ ಕೇಳು!”

ಏವಿಸ್ ಬೆರಗಾಗಿ ಅವನನ್ನೇ ನೋಡಿದಳು. ಲಾರ್ನ್ ಅವನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕೂತಿದ್ದ. ತುಟಿ ನೀಲಿಯಾಗಿ ಹಲ್ಲು ಕಟಕಟ ಎನ್ನುತ್ತಿತ್ತು.

“ಅಕ್ಕಾ,” ಎಂದ ಲಾರ್ನ್, “ತುಂಬಾ ಚಳಿ. ಅವನ ಕೋಟು ಕೊಡೋಕೆ ಹೇಳು.”

ಬೆಂಚಿನ ಮೇಲಿದ್ದ ಒಣ ಕೋಟನ್ನು ವೆಂಡೆಲ್ ಆಗಲೇ ಕೈಗೆತ್ತಿಕೊಂಡಿದ್ದ. ಎರಡೂ ಕೈಯಲ್ಲಿ ಬಿಡಿಸಿ ಹಿಡಿದುಕೊಂಡು, ಗಡಗಡ ನಡುಗುತ್ತಾ, ಅಕ್ಕನ ಮುಖವನ್ನೇ ನೋಡುತ್ತಾ ಕೂತ.

“ವೆಂಡೆಲ್,” ಎಂದಳು ಏವಿಸ್, “ಅವನಿಗೆ ಕೋಟು ಬೇಕಂತೆ.”

ಆಮೇಲೆಯೇ ಅವನು ಅದನ್ನು ತಮ್ಮನ ಹೆಗಲಿಗೆ ಹೊದಿಸಿದ್ದು.