ಒಂದು ಮನೆ, ಒಂದು ಪಿಸ್ತೂಲು

ಶೆಡ್ಡಿನ ಗೋಡೆ ಮುಟ್ಟಿ ವಾಪಸು ಓಡಿ ಬರುವಾಗಲೂ ಸಂಪತ್ ನೋಡುತ್ತಿದ್ದದ್ದು ತಾನು ನಿಲ್ಲಬೇಕಾದ ಗೆರೆಯನ್ನಲ್ಲ, ಪಕ್ಕದಲ್ಲಿ ಓಡುತ್ತಿದ್ದ ಹೆಂಡತಿ ಅನಘಾಳನ್ನು. ಸಿಂಗಾಪುರದ ಆ ಶೂಟಿಂಗ್ ಕ್ಲಬ್ಬಿನಲ್ಲಿ ಅಂದು ಇಬ್ಬರಿಗೂ ಕೊನೆಯ ಪರೀಕ್ಷೆ. ಏದುಸಿರು ಬಿಡುತ್ತಾ ಬಂದು ನಿಲ್ಲಬೇಕು. ಕೋಚ್ ಹಮೀದ್ ಬೆನ್ನ ಹಿಂದೆ ನಿಂತು ಕಿರುಚಾಡಿ ಗಾಬರಿ ಹುಟ್ಟಿಸುತ್ತಾನೆ. ಬಜರ್ ಆದೊಡನೆ ಸೊಂಟದ ಪಿಸ್ತೂಲು ತೆಗೆದು ಎದುರಿನ ಕಾಗದದಲ್ಲಿ ಬರೆದ ಮನುಷ್ಯನ ಎದೆಗೆ ಎರಡು ಗುಂಡು ಹೊಡೆಯಬೇಕು. ಯೋಚಿಸುತ್ತಾ ಕೂರುವಂತಿಲ್ಲ, ಕೈ ತಾನಾಗಿ ಮಾಡಬೇಕು.

ಸಿಂಗಾಪುರದ ಸೆಲೆಟಾರ್‌ನಲ್ಲಿದ್ದ ವಿಮಾನ ರಿಪೇರಿ ಕಂಪನಿ ಸಂಪತ್‌ನನ್ನು ಜೋಹಾನ್ಸ್‌ಬರ್ಗ್‌ಗೆ ವರ್ಗ ಮಾಡಿತ್ತು. ಅಲ್ಲಿದ್ದು ಬಂದ ಸಹೋದ್ಯೋಗಿ ಅರವಿಂದನ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದ್ದರಂತೆ. ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ಇಟ್ಟುಕೋ ಎಂದು ಅವನೇ ಹೇಳಿದ್ದ. ಅದಕ್ಕಾಗಿ ಸಂಪತ್ ಕ್ಲಬ್ಬಿಗೆ ಸೇರಿದರೆ, ಶನಿವಾರ ಒಬ್ಬಳೇ ಮನೆಯಲ್ಲಿ ಏನು ಮಾಡಲಿ ಎಂದು ಅನಘಾ ಜೊತೆಗೆ ಬಂದಳು. ಬಂದವಳು ಸುಮ್ಮನೆ ಬೆಂಚಿನ ಮೇಲೆ ಕೂತಿದ್ದರೆ ಆಗುತ್ತಿತ್ತು. ಅವಳೂ ಪಿಸ್ತೂಲು ಹಿಡಿದಳು, ನೋಡನೋಡುತ್ತಲೇ ಗಂಡನನ್ನು ಮೀರಿಸಿದಳು. ಪರೀಕ್ಷೆಯಲ್ಲಿ ಯಾರು ಗೆಲ್ಲುತ್ತಾರೋ ಹೊಸ ಮನೆಯ ಪಿಸ್ತೂಲು ಅವರ ಕೈಗೆ ಎಂದು ಪಂದ್ಯ ಕಟ್ಟಿದವನು ಸಂಪತ್. ಹೆಂಡತಿಯ ಕಾವಲಿನಲ್ಲಿ ಗಂಡ ಗೊರಕೆ ಹೊಡೆಯುವುದು ಅವನಿಗೆ ಯೋಚಿಸಲೂ ಆಗದ ಮಾತಾಗಿತ್ತು.

ಪಿಸ್ತೂಲನ್ನು ಕ್ಲಬ್ಬಿನಲ್ಲೇ ಬಿಟ್ಟು ಬರಬೇಕಾದ್ದರಿಂದ ಪಾಸಿರ್ ರಿಸ್ ಬಡಾವಣೆಯ ತಮ್ಮ ಮನೆಯಲ್ಲಿ ಬರಿಗೈ ಅಭ್ಯಾಸ. ಅವನು ಕನ್ನಡಿಯ ಮುಂದೆ ನಿಂತು ಸೊಂಟಕ್ಕೆ ಕೈ ಹಾಕಿ ತೆಗೆದು, ಹಾಕಿ ತೆಗೆದು, ಬನಿಯನ್ ಒದ್ದೆ ಮಾಡಿಕೊಳ್ಳುತ್ತಿದ್ದ. ಅವಳು ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ ಒಂದೆರಡು ಸಲ ಮಾಡಿದರೆ ಹೆಚ್ಚು. ಆದರೂ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ ನೆರೆಮನೆಯ ಪದ್ಮಜಾಳ ಮಗಳ ಬರ್ತ್‌ಡೇ ನಡೆಯುತ್ತಿದ್ದಾಗ ಬಲೂನು ಢಬ್ಬೆಂದು ಒಡೆದರೆ, ಸರಕ್ಕನೆ ಸೊಂಟಕ್ಕೆ ಹೋದದ್ದು ಅನಘಾಳ ಕೈ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಸಂಪತ್‌ನ ಕೈ ಬಿಸಿಬೇಳೆಬಾತಿನ ಪ್ಲೇಟು ಬಿಟ್ಟು ಕದಲಿರಲಿಲ್ಲ. ಅಂದು ಅವನಿಗೆ ಆ ಬಿಸಿಬೇಳೆಬಾತೂ ಸೇರಲಿಲ್ಲ, ಎರಡು ದಿನ ಹೆಂಡತಿ ಮಾಡಿದ ಅಡುಗೆಯೂ ಸೇರಲಿಲ್ಲ.

ಕ್ಲಬ್ಬಿನಲ್ಲಂತೂ ಒಂದು ಗುಂಡು ಹಾರಿಸಿದರೆ ಒಮ್ಮೆ ಅವಳ ಕಡೆ ತಿರುಗಬೇಕು, ಅವಳದ್ದು ಎಲ್ಲಿ ತಗುಲಿತು ಎಂದು ನೋಡಬೇಕು. ನಿನ್ನ ಕಾಗದ ನೋಡಿಕೋ, ಅವಳದ್ದು ನಿನಗೇಕೆ ಎಂದು ಹಮೀದ್ ಎಷ್ಟೋ ಸಲ ಗದರಿದ್ದ. ಸಂಪತ್ ತಲೆಯಾಡಿಸುತ್ತಿದ್ದ, ಮತ್ತೆ ತಿರುಗುತ್ತಿದ್ದ. ಹೊಟ್ಟೆಕಿಚ್ಚು ಯಾವ ಕೋಚಿನ ಮಾತನ್ನೂ ಕೇಳುವುದಿಲ್ಲ.

ಬಜರ್ ಆಯಿತು. ಅಂದು ಮೊದಲ ಬಾರಿಗೆ ಅವನ ಗುಂಡೇ ಮುಂಚೆ ಹಾರಿತು. ಅವಳ ಎರಡು ಗುಂಡುಗಳ ಸದ್ದು ಆಮೇಲೆ ಕೇಳಿಸಿತು. ಗೆದ್ದೆ ಅನ್ನಿಸಿತು ಅವನಿಗೆ. ಅವನದು ಇನ್ನೊಂದು ಗುಂಡು ಬಾಕಿಯಿತ್ತು. ಅಷ್ಟರಲ್ಲಿ ಹಿಂದಿನಿಂದ ಹಮೀದ್ ಬಂದು ಅವನ ಮಣಿಕಟ್ಟು ಹಿಡಿದು, ಪಿಸ್ತೂಲನ್ನು ನೆಲದ ಕಡೆಗೆ ಒತ್ತಿಬಿಟ್ಟ. ತಾನು ಎತ್ತ ನೋಡುತ್ತಿದ್ದೇನೆಂದು ಸಂಪತ್‌ಗೆ ತಿಳಿದದ್ದೇ ಆಗ. ಕತ್ತು ಅವಳ ಕಡೆ ತಿರುಗಿತ್ತು. ಕತ್ತಿನ ಜೊತೆ ಭುಜ, ಭುಜದ ಜೊತೆ ಕೈಯೂ ತಿರುಗಿ, ಪಿಸ್ತೂಲು ಅನಘಾಳ ಪಕ್ಕೆಗೆ ನೇರವಾಗಿ ನಿಂತಿತ್ತು. ಅವಳು ಕದಲದೆ, ಟ್ರಿಗರ್ ಮೇಲಿದ್ದ ಅವನ ಬೆರಳನ್ನೇ ನೋಡುತ್ತಿದ್ದಳು.

ಹಮೀದ್ ಈ ಸಲ ಗದರಲಿಲ್ಲ. ಪಿಸ್ತೂಲು ತೆಗೆದುಕೊಂಡು ಗುಂಡು ಖಾಲಿ ಮಾಡಿದ. ಗಾಬರಿಯಾದಾಗ ಬುದ್ಧಿ ಕೆಲಸ ಮಾಡುವುದಿಲ್ಲ, ಮೈ ತಾನು ರೂಢಿ ಮಾಡಿಕೊಂಡದ್ದನ್ನೇ ಮಾಡುತ್ತದೆ, ನೀನು ರೂಢಿ ಮಾಡಿಕೊಂಡದ್ದು ಇದನ್ನೇ ಎಂದ. ಇನ್ನು ಮೇಲೆ ಬರುವುದು ಬೇಡ ಎಂದೂ ಹೇಳಿದ. ಅನಘಾಳ ಕಾಗದದಲ್ಲಿ ಎರಡು ತೂತುಗಳೂ ಎದೆಯ ನಡುವೆಯೇ ಇದ್ದವು. ಹೊರಡುವಾಗ ಸಂಪತ್ ಅದನ್ನೂ ನೋಡಿಕೊಂಡೇ ಬಂದ.

ಇಬ್ಬರೂ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತರು. ಅವನೇ ಮಾತು ತೆಗೆದ.

"ಬೇಕೂಂತ ಮಾಡಿದ್ದಲ್ಲ, ಅನು."

"ಗೊತ್ತು. ಅದಕ್ಕೇ ಭಯ ಆಗಿದ್ದು."

ಭಯವಾಯಿತು ಎನ್ನುವಾಗಲೂ ಅವಳ ಧ್ವನಿ ನಡುಗಲಿಲ್ಲವಲ್ಲ ಎಂದು ಅವನಿಗೆ ಮತ್ತೆ ಹೊಟ್ಟೆ ಉರಿಯಿತು. ಅದನ್ನು ನುಂಗಿಕೊಂಡು ದೊಡ್ಡ ಮನಸ್ಸು ಮಾಡಿದ.

"ಆಯ್ತು, ನಾನೇ ಸೋತೆ. ಜೋಹಾನ್ಸ್‌ಬರ್ಗ್‌ಗೆ ಶಿಫ್ಟ್ ಆದ್ಮೇಲೆ ಪಿಸ್ತೂಲು ನೀನೇ ಇಟ್ಕೋ."

"ಮನೇಲಿ ಪಿಸ್ತೂಲೇ ಬೇಡ, ಸಂಪತ್."

"ಮತ್ತೆ ಕಳ್ಳ ಬಂದ್ರೆ?"

ಬಸ್ಸು ಬರುತ್ತಿತ್ತು. ಅನಘಾ ಅದಕ್ಕೆ ಕೈ ತೋರಿಸಿ ಎದ್ದು ನಿಂತಳು.

"ಕಳ್ಳ ಬೇಕಾದ್ದು ತಗೊಂಡು ಹೊರಟುಹೋಗ್ತಾನೆ. ನೀನು ಮನೇಲೇ ಇರ್ತೀಯಲ್ಲ."