ಜಗಳದ ಅಂತರ

ದಾಂಪತ್ಯ ಕಚೇರಿಯ ಕಿಟಕಿಯಲ್ಲಿ ಬಶೀರಸಾಹೇಬರು ಕಂಪ್ಯೂಟರಿನ ಪರದೆಯನ್ನು ಈಚೆಗೆ ತಿರುಗಿಸಿ ತೋರಿಸಿದರು. "ನಿಮ್ಮ ಹಿಂದಿನ ಜಗಳ ದಾಖಲಾದದ್ದು ಮಗಳ ಲಗ್ನದಾಗ. ಅಲ್ಲಿಂದ ಇವತ್ತಿನ ತನಕ ಅಂತರ ಭಾಳ ಆಗೇತಿ. ಸಂಜಿಯೊಳಗ ಇನ್ನೊಂದು ಜಗಳ ದಾಖಲಾಗದಿದ್ರ ನಿಮ್ಮ ಲಗ್ನ ತಾನ ರದ್ದಾಕ್ಕೈತ್ರಿ."

ನೀಲಗಂಗವ್ವ ಗೋಡೆಯ ಗಡಿಯಾರ ನೋಡಿದಳು. ಪಕ್ಕದ ಕಿಟಕಿಗಳಲ್ಲಿ ಉಳಿದ ಜೋಡಿಗಳು ಸಲೀಸಾಗಿ ಕೂಗಾಡಿ, ರಸೀದಿ ಪಡೆದು ಹೋಗುತ್ತಿದ್ದವು. ಅವಳು ಗಂಡ ಶಾಂತವೀರಪ್ಪನತ್ತ ತಿರುಗಿದಳು.

"ನೀವು ಮಾಡೋ ಚಾ ಬರೇ ಪಾನಕ."

"ಖರೇನ. ನಾಳಿಂದ ಸಕ್ಕರಿ ಕಡಿಮಿ ಹಾಕ್ತೀನಿ."

"ನಿಮ್ಮ ತಂಗಿ ಜಿಪುಣಿ."

"ಹೌದು, ಅಕೀ ಹಂಗ."

ಇದು ಜಗಳವಲ್ಲವೆಂದು ಸಾಹೇಬರು ತಲೆಯಾಡಿಸಿದರು. ಜವಾನ ಬಾಗಿಲು ಹಾಕತೊಡಗಿದ. ನೀಲಗಂಗವ್ವನ ಕಣ್ಣಲ್ಲಿ ನೀರು ಬಂತು. "ಲಗ್ನ ಮುರಿದು ಬೀಳಾಕತ್ತೇತಿ, ಇನ್ನೂ ಹೂಂ ಅಂತೀರಲ್ರೀ! ಒಮ್ಮಿಯರೆ ಎದುರು ಮಾತಾಡ್ರಿ!"

"ಮಾತಾಡಾಕ ನೀ ಯಾವಾಗ ಬಿಟ್ಟೀ?" ಶಾಂತವೀರಪ್ಪ ಕಚೇರಿ ನಡುಗುವಂತೆ ಕೂಗಿದ.

ಸಾಹೇಬರು ತಟ್ಟನೆ ಕಂಪ್ಯೂಟರಿನ ಗುಂಡಿ ಒತ್ತಿದರು. ಹೊಸ ದಾಖಲೆ ಬಿತ್ತು. ಅಂತರದ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಯಿತು.

ಬಸ್ಸಿನಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಬೇರೆ ಬೇರೆ ಸೀಟಿನಲ್ಲಿ ಕುಳಿತರು. ಕಂಡಕ್ಟರ್ ಬಂದಾಗ ನೀಲಗಂಗವ್ವ ಹಿಂದೆ ತಿರುಗಿ ನೋಡದೆಯೇ, "ಎರಡು ಕೊಡ್ರಿ," ಎಂದಳು.