ಬಾಯಿಮಾತು

ಎಂಜಿನ್ ಚಾಲೂ ಮಾಡಿ ಮೀರಾಸಾಬ ಹನ್ನೆರಡು ಎಣಿಸಿದ ಮೇಲೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಯ ಕೆಂಪು ದೀಪ ಆರಿತು. ಮೂರಕ್ಕೇ ಆರಬೇಕಾದದ್ದು. ಎಂಜಿನ್ ನಿಲ್ಲಿಸಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ಅದರ ತುದಿಯ ಎಣ್ಣೆಯನ್ನು ಬೆರಳುಗಳ ನಡುವೆ ತಿಕ್ಕಿದ. ಬೆರಳ ಮೇಲೆ ಲೋಹದ ಪುಡಿ ಮಿನುಗಿತು.

"ಏನಾಗ್ಯದೋ ಮೀರಾಸಾಬ?" ಕಾರಿನ ಮಾಲಕ ಜಯತೀರ್ಥ ವಕೀಲರು ಗ್ಯಾರೇಜಿನ ಬಾಗಿಲಿನಿಂದಲೇ ಕೇಳಿದರು. ಹೋದ ವರ್ಷ ಹುನಗುಂದದ ಕೋರ್ಟಿನಲ್ಲಿ ಮೀರಾಸಾಬ ತನ್ನ ತಮ್ಮನ ಪರವಾಗಿ ಹೇಳಿದ ಸಾಕ್ಷಿಯನ್ನು "ಬರೇ ಬಾಯಿಮಾತು, ಪುರಾವೆ ಎಲ್ಲದ?" ಎಂದು ನಕ್ಕು ಹಾರಿಸಿಬಿಟ್ಟವರು ಇವರೇ. ಅವನು ಹೇಳಿದ್ದು ಖರೇ ಇತ್ತು. ತಮ್ಮ ಇನ್ನೂ ಜೈಲಿನಲ್ಲಿದ್ದ.

ಮೀರಾಸಾಬ ಅರಿವೆ ತೆಗೆದುಕೊಂಡು ಮೊದಲು ಬೆರಳುಗಳನ್ನು, ಆಮೇಲೆ ಕಡ್ಡಿಯನ್ನು ಒಂದು ಚೂರೂ ಮಿನುಗು ಉಳಿಯದ ಹಾಗೆ ಒರೆಸಿದ. ಕಟಕಟೆಯಲ್ಲಿ ನಿಂತ ಹಾಗೆಯೇ ಕೈಕಟ್ಟಿ ನಿಂತು ಹೇಳಿದ: "ಬೇರಿಂಗ್ ಸವದಾವ್ರಿ. ಬಾದಾಮಿ ಮುಟ್ಟೂದ್ರಾಗ ಎಂಜಿನ್ ಜಾಮ್ ಆಗ್ತೈತಿ. ಗಾಡಿ ಒಯ್ಯಬ್ಯಾಡ್ರಿ."

"ದೀಪ ಆರ್ಯದಲ್ಲೋ. ನಿನ್ನ ಮಾತು ನಂಬಿ ನಾ ಇಲ್ಲೇ ಕೂಡ್ಲೇನು?" ವಕೀಲರು ಕೋರ್ಟಿನಲ್ಲಿ ನಕ್ಕ ಹಾಗೆಯೇ ನಕ್ಕು ಕಾರು ಹತ್ತಿದರು.

ಕಾರು ಬಾದಾಮಿಯ ಹಾದಿ ಹಿಡಿಯಿತು. ಮೀರಾಸಾಬ ಅರಿವೆಯನ್ನು ಮಿನುಗು ಒಳಗಾಗುವಂತೆ ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡ. ಪುರಾವೆ ಕೇಳುವುದನ್ನು ಈ ಸಲ ವಕೀಲರು ಮರೆತಿದ್ದರು.